ಕಪ್ಪು ಬಳಿದ ಮರ

ಉರ್ವ, ಮಂಗಳೂರು
೯ ಜನವರಿ ೧೯೪೪

ಪ್ರಿಯ ನೂರ್ ಮುಹಮ್ಮದ್,

ಈ ಕಾಗದದ ಹಿಂದೆಯೇ ರೈಲ್ವೆ ಪಾರ್ಸೆಲಿನಲ್ಲಿ ಒಂದು ಪೆಟ್ಟಿಗೆ ಬರುತ್ತದೆ. ಉಳಿ ಹಾಕಿ ಎಬ್ಬಬೇಡ, ಮುಚ್ಚಳಕ್ಕೆ ಸ್ಕ್ರೂ ಹಾಕಿದ್ದೇನೆ. ಒಳಗೆ ಭತ್ತದ ಹೊಟ್ಟು, ಅದರೊಳಗೆ ನನ್ನ ಬಸ್ಸು.

ನೀನು ಕೆಲಸ ಮಾಡುವ ಆಟಿಕೆ ಅಂಗಡಿಯ ಅಟ್ಟದಲ್ಲಿ ಮೂಲೆಗೆ ಬಿದ್ದಿತ್ತೆಂದು ಕಳೆದ ವರ್ಷ ನೀನು ಕಳಿಸಿಕೊಟ್ಟ ವಿಲಾಯತಿ ಲಾರಿ ಕಿಟ್ಟು ಅದು. ಪೈನ್ ಮರದ ತುಂಡುಗಳು, ಅಡಿಗಟ್ಟಿಗೆ ತಗಡಿನ ಚಾಸಿ, ಸೀಸದ ಚಕ್ರ, ಒಂದು ನಕ್ಷೆ. ನಕ್ಷೆಯ ಪ್ರಕಾರ ಮಾಡಿದ್ದರೆ ಲಂಡನ್ನಿನಲ್ಲಿ ಬಿಯರ್ ಪೀಪಾಯಿ ಹೊರುವ ಲಾರಿ ಆಗುತ್ತಿತ್ತು. ಅದು ನನಗೆ ಎಂತಕ್ಕೆ? ಹೆಂಚಿನ ಕಾರ್ಖಾನೆಯಲ್ಲಿ ದಿನವಿಡೀ ಬೇರೆಯವರು ಹೇಳಿದ ಗೆರೆಯನ್ನೇ ಎಳೆಯುತ್ತೇನೆ. ಮನೆಗೆ ಬಂದ ಮೇಲೂ ಬೇರೆಯವರ ನಕ್ಷೆಯೇ ಆದರೆ ಕಷ್ಟ. ಹಾಗಾಗಿ ಅದನ್ನು ನಮ್ಮ ಊರಿನ ಬಸ್ಸು ಮಾಡಿದೆ. ಬಲ್ಮಠದಿಂದ ಮೂಡುಬಿದಿರೆಗೆ ಹೋಗುವ ಲೋಕಯ್ಯ ಧಣಿಗಳ ಬಸ್ಸು. ಡ್ರೈವರನ ಪರಿಚಯ ಇದ್ದ ಕಾರಣ ಶೆಡ್ಡಿನೊಳಗೆ ಕೂತು ಅಳತೆ ತೆಗೆಯಲು ಬಿಟ್ಟರು. ಭಾನುವಾರಗಳೆಲ್ಲ ಅಲ್ಲಿಯೇ ಕಳೆದೆ.

ಮುಸುಡನ್ನು ಕೆತ್ತಿ ಮೋಟು ಮಾಡಿದೆ. ಕಿಟಕಿಗೆ ಗಾಜಿಲ್ಲ, ಕ್ಯಾನ್ವಾಸಿನ ಪರದೆ; ಎಳೆದರೆ ಸುರುಳಿ ಬಿಚ್ಚುತ್ತದೆ. ಮಾಡಿನ ಮೇಲಿನ ಕ್ಯಾರಿಯರಿಗೆ ಹಿತ್ತಾಳೆ ಪಟ್ಟಿ. ಪೆಟ್ರೋಲಿಗೆ ರೇಷನ್ ಬಂದ ಮೇಲೆ ಇಲ್ಲಿಯ ಬಸ್ಸುಗಳೆಲ್ಲ ಇದ್ದಿಲ ಗ್ಯಾಸಿನಲ್ಲಿ ಓಡುವುದು ನಿನಗೆ ಗೊತ್ತಲ್ಲ. ಬೆನ್ನಿಗೆ ಹೊತ್ತ ಆ ಗ್ಯಾಸ್ ಡಬ್ಬಿಯನ್ನು ಸಿಗರೇಟು ಟಿನ್ನಿನಿಂದ ಮಾಡಿದೆ, ಅದರ ಕೊಳವೆಗೆ ಕೊಡೆಯ ಕಡ್ಡಿ. ಹಿಂದಿನ ಭಾಗ ಬಸ್ಸಿನಲ್ಲಿ ಹೇಗಿದೆಯೋ ಹಾಗೆಯೇ ಉಂಟು. ಚಂದ ಮಾಡಲು ಹೋಗಲಿಲ್ಲ.

ನಿಮ್ಮ ಮಾಡೆಲ್ ಕ್ಲಬ್ಬಿನವರಿಗೆ ತೋರಿಸು. ತಪ್ಪಿದ್ದರೆ ದಾಕ್ಷಿಣ್ಯ ನೋಡದೆ ಬರೆ. ಮಳೆಗಾಲಕ್ಕೆ ಮುಂಚೆ ವಾಪಸು ಕಳಿಸು.

ಇತಿ ನಿನ್ನ
ಸಂಕಪ್ಪ

ಬೊಂಬಾಯಿ
೨ ಫೆಬ್ರವರಿ ೧೯೪೪

ಪ್ರೀತಿಯ ಸಂಕಪ್ಪ,

ಮಾರಾಯ, ನಿನ್ನ ಬಸ್ಸು ಬಂತು. ಪರದೆ ಎಳೆದು ನೋಡಿದೆ, ಬಿಟ್ಟು ನೋಡಿದೆ, ಮತ್ತೆ ಎಳೆದೆ. ನಮ್ಮ ಅಂಗಡಿಯ ಪಾರ್ಸಿ ಶೇಠರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿ, ‘ಇದರಲ್ಲಿ ಹತ್ತಿದರೆ ಎಲ್ಲಿಗೆ ಹೋಗಬಹುದು?’ ಎಂದು ಕೇಳಿದರು. ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ನಿನಗೆ ಬೇಡ. ನಾವಿಬ್ಬರೂ ಶಾಲೆಯಲ್ಲಿ ತೆಂಗಿನ ಗೆರಟೆಯಿಂದ ಮೋಟಾರು ಮಾಡಿ ಮೇಷ್ಟ್ರ ಪೆಟ್ಟು ತಿಂದದ್ದು ವ್ಯರ್ಥವಾಗಲಿಲ್ಲ.

ದಾಕ್ಷಿಣ್ಯ ಬೇಡ ಅಂದೆಯಲ್ಲ, ಒಂದು ಮಾತು ಹೇಳುತ್ತೇನೆ. ಆ ಹಿಂಭಾಗ! ಅಷ್ಟು ಚಂದದ ಬಸ್ಸಿಗೆ ಬೆನ್ನಲ್ಲಿ ಬಾವು ಎದ್ದ ಹಾಗೆ ಕಾಣುತ್ತದೆ ಆ ಗ್ಯಾಸ್ ಡಬ್ಬಿ. ನಮ್ಮ ಕ್ಲಬ್ಬಿನವರು ಯುದ್ಧಕ್ಕೆ ಮುಂಚಿನ ಗಾಡಿಗಳನ್ನು ಮೆಚ್ಚುವ ಜನ. ಮಾರ್ಚಿನಲ್ಲಿ ಪ್ರದರ್ಶನ ಉಂಟು. ಇಡಲೇ? ಸ್ವಲ್ಪ ಧೂಳು ಒರೆಸಿ, ಅಲ್ಲಲ್ಲಿ ಸಣ್ಣ ಕೆಲಸ ಮಾಡಿ ಇಡುತ್ತೇನೆ.

ಅಲ್ಲಿ ಬಂದರಿನ ನಮ್ಮ ಮನೆಯವರ ಅಂಗಡಿಯ ಕಡೆ ಹೋದರೆ ತಮ್ಮ ರವೂಫನಿಗೆ ಒಂದು ಮಾತು ಹೇಳು, ಉಮ್ಮನ ಕಣ್ಣಿನ ಮದ್ದು ಕಳಿಸಿದ್ದೇನೆ.

ನಿನ್ನ
ನೂರ್

ಉರ್ವ
೨೦ ಫೆಬ್ರವರಿ ೧೯೪೪

ಪ್ರಿಯ ನೂರ್,

ಪ್ರದರ್ಶನಕ್ಕೆ ಇಡು. ಆದರೆ ಸಣ್ಣ ಕೆಲಸ ಎಂದರೆ ಎಂತದು? ಕೈ ಹಚ್ಚಬೇಡ. ಧೂಳು ಒರೆಸಲೂ ಹಂದಿಗೂದಲಿನ ಬ್ರಶ್ಶು ಬೇಡ, ಬಣ್ಣ ಏಳುತ್ತದೆ.

ಬಾವು ಇದ್ದ ಬಸ್ಸಿಗೆ ಬಾವು ಇರಬೇಕು.

ಸಂಕಪ್ಪ

ಬೊಂಬಾಯಿ
೨೪ ಏಪ್ರಿಲ್ ೧೯೪೪

ಪ್ರೀತಿಯ ಸಂಕಪ್ಪ,

ಬದುಕಿದ್ದೇನೆ. ಇಲ್ಲಿ ಬಂದರಿನ ಡಾಕಿನಲ್ಲಿ ಹಡಗು ಸಿಡಿದ ಸುದ್ದಿ ನೀನು ಪತ್ರಿಕೆಯಲ್ಲಿ ಓದಿರಬಹುದು, ಸರಕಾರ ಬರೆಯಲು ಬಿಟ್ಟಷ್ಟನ್ನು. ನಾನು ಅಂಗಡಿಯಲ್ಲಿ ರೈಲು ಗಾಡಿ ಒಂದಕ್ಕೆ ಕೀಲಿ ಕೊಡುತ್ತಿದ್ದೆ. ನೆಲ ಎದ್ದು ಕೂತಿತು. ಆಮೇಲೆ ಆಕಾಶದಿಂದ ಏನೇನೋ ಬಿತ್ತು, ಹತ್ತಿ ಉರಿಯುತ್ತಾ ಬಿತ್ತು. ನಮ್ಮ ಬೀದಿಯವರು ಯಾರೂ ಸಾಯಲಿಲ್ಲ. ಅಂಗಡಿಯ ಮುಂಗಟ್ಟಿನ ಗಾಜು ಬಿರಿಯಿತು, ಅಷ್ಟೇ. ನಿನ್ನ ಬಸ್ಸು ಒಳಗಿನ ಕಪಾಟಿನಲ್ಲಿತ್ತು, ಒಂದು ಗೀರೂ ಆಗಲಿಲ್ಲ.

ಪ್ರದರ್ಶನ ಚೆನ್ನಾಗಿ ನಡೆಯಿತು. ಜನ ಬಸ್ಸನ್ನು ತುಂಬ ನೋಡಿದರು. ವಿವರ ಇನ್ನೊಮ್ಮೆ ಬರೆಯುತ್ತೇನೆ.

ನೂರ್

ಉರ್ವ
೧೧ ಜೂನ್ ೧೯೪೪

ಪ್ರಿಯ ನೂರ್,

ಕೆಟ್ಟ ಸುದ್ದಿ. ಲೋಕಯ್ಯ ಧಣಿಗಳ ಬಸ್ಸು ಕಳೆದ ವಾರ ಗುರುಪುರದ ಇಳಿಜಾರಿನಲ್ಲಿ ಮಗುಚಿತು. ಮೂವರು ಸತ್ತರು. ಒಬ್ಬಳು ಮಲ್ಲಿಗೆ ಮಾರಲು ಪೇಟೆಗೆ ಬರುತ್ತಿದ್ದ ಹೆಂಗಸು, ನನಗೆ ಮುಖಪರಿಚಯ. ಡ್ರೈವರನ ಕಾಲಿಗೆ ಪೆಟ್ಟಾಗಿದೆ, ಪೊಲೀಸರು ಅವನನ್ನು ಒಳಗೆ ಹಾಕಿದ್ದಾರೆ. ಕುಡಿದು ಓಡಿಸಿದ ಎಂದು ಧಣಿಗಳು ಹೇಳಿಕೆ ಕೊಟ್ಟಿದ್ದಾರೆ. ಅವನು ಕುಡಿಯುವವನಲ್ಲ.

ಆದದ್ದು ಬೇರೆ. ಗ್ಯಾಸ್ ಡಬ್ಬಿಯನ್ನು ಹೊರಲು ಬಸ್ಸಿನ ಚಾಸಿ ಸಾಲುತ್ತಿರಲಿಲ್ಲ. ಹಿಂದಕ್ಕೆ ಕಬ್ಬಿಣ ಜೋಡಿಸಿ ಉದ್ದ ಮಾಡಬೇಕು. ಯುದ್ಧದಲ್ಲಿ ಕಬ್ಬಿಣ ಎಲ್ಲಿಂದ ತರುವುದು? ಧಣಿಗಳು ಬೋಗಿ ಎಂಬ ಕಾಡುಮರದ ಎರಡು ತುಂಡು ಜೋಡಿಸಿ, ಕಪ್ಪು ಬಣ್ಣ ಬಳಿದು ಕಬ್ಬಿಣದ ಹಾಗೆ ಮಾಡಿಸಿದ್ದರು. ಇಳಿಜಾರಿನಲ್ಲಿ ಮರ ಸೀಳಿತು. ಡಬ್ಬಿ ಒಂದು ಬದಿಗೆ ಜೋತು ರಸ್ತೆಗೆ ಕಚ್ಚಿಕೊಂಡಿತು, ಬಸ್ಸು ತಿರುಗಿಬಿತ್ತು.

ಈಗ ಆ ಮರ ಇಲ್ಲ. ಇನ್‌ಸ್ಪೆಕ್ಟರು ಬರುವ ಮೊದಲೇ ಬಸ್ಸನ್ನು ಶೆಡ್ಡಿಗೆ ಎಳೆದು ತಂದು, ಹಿಂಭಾಗ ಬಿಚ್ಚಿ ಹೊಸ ಕಬ್ಬಿಣ ಹಾಕಿಸಿದ್ದಾರೆ. ಕಬ್ಬಿಣ ಈಗ ಹೇಗೋ ಸಿಕ್ಕಿತು.

ನನ್ನ ಮಾಡೆಲಿನಲ್ಲಿ ಆ ಮರ ಉಂಟು. ಅಡಿಯಿಂದ ನೋಡು, ತಗಡಿನ ಚಾಸಿಗೆ ಹಲಸಿನ ಮರದ ಎರಡು ಪಟ್ಟಿ ಗೂಟ ಹೊಡೆದು ಸೇರಿಸಿದ್ದೇನೆ. ಜನವರಿಯಲ್ಲಿ ಮಾಡಿದ್ದು, ರೈಲ್ವೆಯ ರಶೀದಿ ನನ್ನಲ್ಲಿದೆ. ಜೆರೋಮ್ ವಕೀಲರು ಕೇಸು ಹಿಡಿದಿದ್ದಾರೆ. ಅಪಘಾತಕ್ಕೆ ಮುಂಚೆಯೇ ಇದನ್ನು ಹೀಗೆ ಮಾಡಿದ್ದೆಂದು ತೋರಿಸಿದರೆ ಮ್ಯಾಜಿಸ್ಟ್ರೇಟರು ಕೇಳಿಯೇ ಕೇಳುತ್ತಾರೆ ಎನ್ನುತ್ತಾರೆ.

ಕಾಗದ ಸಿಕ್ಕಿದ ಕೂಡಲೇ ಬಸ್ಸನ್ನು ಕಳಿಸು.

ಸಂಕಪ್ಪ

ಬೊಂಬಾಯಿ
೨೯ ಜೂನ್ ೧೯೪೪

ಪ್ರಿಯ ಸಂಕಪ್ಪ,

ಓದಿ ಬಹಳ ಬೇಸರವಾಯಿತು. ಆ ಹೆಂಗಸಿನ ಮನೆಯವರ ಗತಿ ಏನು?

ಬಸ್ಸನ್ನು ಈಗಲೇ ಕಳಿಸುವುದು ಸುಲಭವಿಲ್ಲ. ಸ್ಫೋಟವಾದ ಮೇಲೆ ಇಲ್ಲಿ ಪಾರ್ಸೆಲು ತೆಗೆದುಕೊಳ್ಳುವುದರಲ್ಲಿ ನೂರೆಂಟು ತಕರಾರು. ಅದಲ್ಲದೆ ಸ್ಫೋಟದ ದಿನ ಕಪಾಟು ಅಲುಗಾಡಿ ಬಸ್ಸಿನ ಹಿಂಭಾಗಕ್ಕೆ ಸ್ವಲ್ಪ ಪೆಟ್ಟಾಗಿದೆ. ರಿಪೇರಿ ಮಾಡಬೇಕು. ಕ್ಲಬ್ಬಿನ ಸೆಕ್ರೆಟರಿ ಪುಣೆಗೆ ಹೋಗಿದ್ದಾರೆ, ಅವರನ್ನೂ ಒಂದು ಮಾತು ಕೇಳಬೇಕು.

ಸಿಟ್ಟಾಗಬೇಡ, ಒಂದು ಕೇಳುತ್ತೇನೆ. ಕೋರ್ಟಿನಲ್ಲಿ ಆಟಿಕೆಯನ್ನು ಮೇಜಿನ ಮೇಲಿಟ್ಟರೆ ನಗುವುದಿಲ್ಲವೇ? ನಿನ್ನ ಕೆಲಸಕ್ಕೆ ಏನಾದರೂ ತೊಂದರೆ ಬಂದರೆ? ಲೋಕಯ್ಯನವರು ಹೆಂಚಿನ ಕಾರ್ಖಾನೆಯವರಿಗೂ ಬೇಕಾದವರು. ಆ ಡ್ರೈವರ್ ನಿನಗೆ ಏನಾಗಬೇಕು?

ನೂರ್

ಉರ್ವ
೧೦ ಜುಲೈ ೧೯೪೪

ಶ್ರೀ ನೂರ್ ಮುಹಮ್ಮದ್ ಅವರಿಗೆ,

ನಿಮ್ಮ ಏಪ್ರಿಲ್ ತಿಂಗಳ ಕಾಗದ ಈಗ ನನ್ನ ಎದುರಿಗೆ ಉಂಟು. ಬಸ್ಸು ಒಳಗಿನ ಕಪಾಟಿನಲ್ಲಿತ್ತು, ಒಂದು ಗೀರೂ ಆಗಲಿಲ್ಲ ಎಂದು ಅದರಲ್ಲಿ ಬರೆದಿದ್ದೀರಿ. ಜೂನಿನಲ್ಲಿ ಅದೇ ಸ್ಫೋಟದಿಂದ ಪೆಟ್ಟಾಯಿತು ಎನ್ನುತ್ತೀರಿ. ಪೆಟ್ಟು ಬಿದ್ದದ್ದು ಹಿಂಭಾಗಕ್ಕೇ, ನನಗೆ ಬೇಕಾದ ಜಾಗಕ್ಕೇ.

ಲೋಕಯ್ಯ ಧಣಿಗಳ ಸೋದರಳಿಯ ಜೂನ್ ನಡುವಿನಲ್ಲಿ ಬೊಂಬಾಯಿಗೆ ಹೋಗಿದ್ದ. ಟಯರು ತರಲು ಎಂದು ಶೆಡ್ಡಿನಲ್ಲಿ ಹೇಳಿಕೊಂಡಿದ್ದಾನೆ. ಟಯರು ತಂದದ್ದನ್ನು ಯಾರೂ ನೋಡಲಿಲ್ಲ. ಅವನು ನಿಮ್ಮ ಅಂಗಡಿಗೆ ಬಂದಿದ್ದನೇ? ನಾನು ಬಸ್ಸನ್ನು ಎಲ್ಲಿಗೆ ಕಳಿಸಿದ್ದೇನೆಂದು ಶೆಡ್ಡಿನವರಿಗೆ ಗೊತ್ತಿತ್ತು. ನಾನೇ ಹೆಮ್ಮೆಯಿಂದ ಹೇಳಿದ್ದೆ.

ಹೌದು ಅಥವಾ ಇಲ್ಲ ಎಂದು ಬರೆದರೆ ಸಾಕು.

ಸಂಕಪ್ಪ

ಬೊಂಬಾಯಿ
೨ ಆಗಸ್ಟ್ ೧೯೪೪

ಸಂಕಪ್ಪ,

ನಿನ್ನ ಕಾಗದದ ಮೊದಲ ಸಾಲು ಓದಿದಾಗ ಬೇರೆ ಯಾರಿಗೋ ಬರೆದದ್ದು ನನ್ನ ಲಕ್ಕೋಟೆಗೆ ಸೇರಿದೆ ಎಂದುಕೊಂಡೆ. ಶ್ರೀ ಅಂತೆ, ಅವರಿಗೆ ಅಂತೆ. ಒಂದೇ ಬೆಂಚಿನಲ್ಲಿ ಕೂತವನಿಗೆ ಬಹುವಚನ! ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ನೀನು ಕೇಳಿದ್ದಕ್ಕೆ ಉತ್ತರಿಸುವ ಮುಂಚೆ ನಾನೂ ಒಂದು ಕೇಳಬೇಕು. ‘ಡ್ರೈವರನ ಪರಿಚಯ’ ಎಂದು ಬರೆದೆ. ಜೂನಿನಲ್ಲಿ ‘ಅವನು ಕುಡಿಯುವವನಲ್ಲ’ ಎಂದೆ. ಅವನ ಹೆಸರೇ ಬರೆಯಲಿಲ್ಲ. ರವೂಫ್ ಬರೆದಿದ್ದಾನೆ: ಡ್ರೈವರನ ಹೆಸರು ತುಕ್ರ, ನಿನ್ನ ತಂಗಿ ಅಪ್ಪಿಯ ಗಂಡ. ಅವಳ ಮದುವೆಯಾದಾಗ ನಾನು ಇಲ್ಲಿದ್ದೆ, ಹುಡುಗ ಯಾರೆಂದು ನನಗೆ ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತಲ್ಲ?

ಈಗ ಹೇಳು. ಆ ಕಿಟ್ಟಿನ ಚಾಸಿ ಗಿಡ್ಡ. ನಾನು ನೂರು ಕಿಟ್ಟು ನೋಡಿದವನು. ಗ್ಯಾಸ್ ಡಬ್ಬಿ ಕೂರಿಸಲು ಜಾಗ ಸಾಲದೆ ಕೈಗೆ ಸಿಕ್ಕಿದ ಹಲಸಿನ ಪಟ್ಟಿ ಅಂಟಿಸಿದೆಯೋ, ಅಥವಾ ನಿಜವಾಗಿಯೂ ಬಸ್ಸಿನ ಅಡಿಯಲ್ಲಿ ಮರ ನೋಡಿದೆಯೋ? ಭಾವನನ್ನು ಬಿಡಿಸಲು ಈಗ ಅದಕ್ಕೊಂದು ಅರ್ಥ ಹಚ್ಚುತ್ತಿಲ್ಲ ತಾನೇ? ಕಿಟ್ಟು ಬದಲಿಸುವ ನಾವೆಲ್ಲ ಇದನ್ನು ಮಾಡುತ್ತೇವೆ. ಮೊದಲು ಕೈ ತಪ್ಪುತ್ತದೆ, ಆಮೇಲೆ ಕಾರಣ ಹುಟ್ಟುತ್ತದೆ.

ನೂರ್

ಉರ್ವ
೧೩ ಆಗಸ್ಟ್ ೧೯೪೪

ಶ್ರೀ ನೂರ್ ಮುಹಮ್ಮದ್ ಅವರಿಗೆ,

ತುಕ್ರ ಅಪ್ಪಿಯ ಗಂಡ ಹೌದು. ಮುಚ್ಚಿಟ್ಟದ್ದು ನಿಜ. ಹೇಳಿದರೆ ನೀವು ಈಗ ಕೇಳಿದ ಪ್ರಶ್ನೆಯನ್ನೇ ಕೇಳುತ್ತೀರಿ ಎಂದು ಮುಚ್ಚಿಟ್ಟೆ.

ಚಾಸಿ ಗಿಡ್ಡ, ಒಪ್ಪುತ್ತೇನೆ. ಆದರೆ ಹಿತ್ತಾಳೆ ಪಟ್ಟಿ ನನ್ನ ಹತ್ತಿರ ಇತ್ತು. ಮಾಡಿನ ಕ್ಯಾರಿಯರಿಗೆ ಅದನ್ನೇ ಹಾಕಿದ್ದು. ಲೋಹ ಕಂಡಲ್ಲಿ ಲೋಹ ಬೆಸೆದಿದ್ದೇನೆ, ಮರ ಕಂಡಲ್ಲಿ ಮರಕ್ಕೆ ಗೂಟ ಹೊಡೆದಿದ್ದೇನೆ. ಇಡೀ ಬಸ್ಸಿನ ಅಡಿಯಲ್ಲಿ ಗೂಟ ಇರುವುದು ಅಲ್ಲಿ ಮಾತ್ರ.

ನೋಡಿದ್ದು ಹೇಗೆಂದರೆ, ಅಡಿಯಲ್ಲಿ ಅಂಗಾತ ಮಲಗಿ ಗೆರೆ ಎಳೆಯುತ್ತಿದ್ದೆ. ಬೋಲ್ಟಿನ ಸುತ್ತ ಬಣ್ಣ ಉದ್ದುದ್ದಕ್ಕೆ ಬಿರಿದಿತ್ತು. ಕಬ್ಬಿಣ ಹಾಗೆ ಬಿರಿಯುವುದಿಲ್ಲ. ಉಗುರು ಊರಿದೆ, ಊರಿತು. ಹೊರಗೆ ಬಂದು ತುಕ್ರನಿಗೆ ಹೇಳಿದೆ.

‘ನನಗೆ ಗೊತ್ತುಂಟು ಭಾವ,’ ಎಂದ. ‘ಧಣಿಗಳಿಗೆ ಹೇಳಿ ಆಯಿತು. ಓಡಿಸುವುದಾದರೆ ಓಡಿಸು, ಇಲ್ಲದಿದ್ದರೆ ಕೀಲಿ ಅಲ್ಲಿ ತೂಗಿ ಹಾಕು ಅಂದ್ರು.’

‘ಮತ್ತೆ ಎಂತ ಮಾಡ್ತಿ?’

‘ಎಂತ ಮಾಡುವುದು? ನಾನು ತೂಗಿ ಹಾಕಿದ್ರೆ ಇನ್ನೊಬ್ಬ ತೆಗೀತಾನೆ. ನಾನಾದ್ರೆ ಇಳಿಜಾರಿನಲ್ಲಿ ನಿಧಾನ ಹೋಗ್ತೇನೆ.’

ಅವನು ನಿಧಾನವಾಗಿಯೇ ಹೋಗುತ್ತಿದ್ದ ಎಂದು ಬದುಕಿ ಉಳಿದವರು ಹೇಳುತ್ತಾರೆ. ಅಷ್ಟನ್ನು ಕೋರ್ಟಿನಲ್ಲಿ ಹೇಳಲು ಅವರೂ ಹೆದರುತ್ತಾರೆ, ನಾಳೆ ಅದೇ ಧಣಿಗಳ ಬಸ್ಸಿಗೆ ಕೈ ತೋರಿಸಬೇಕಲ್ಲ.

ಅಪ್ಪಿ ಈಗ ನಮ್ಮ ಮನೆಯಲ್ಲಿದ್ದಾಳೆ. ಅಂಚೆಯವನ ಸೈಕಲ್ ಗಂಟೆ ಕೇಳಿದರೆ ಹೊರಗೆ ಓಡುತ್ತಾಳೆ. ಬರುವುದು ನಿಮ್ಮ ಈ ಥರದ ಕಾಗದಗಳು.

ನಾನು ಕೇಳಿದ್ದಕ್ಕೆ ನೀವು ಉತ್ತರ ಬರೆಯಲಿಲ್ಲ. ರಂಜಾನ್ ಹಬ್ಬ ಮುಗಿದ ಮೇಲೆ ವಿಚಾರಣೆ. ಬಸ್ಸು ಎಲ್ಲಿದೆ?

ಸಂಕಪ್ಪ

ಬೊಂಬಾಯಿ
೨೮ ಆಗಸ್ಟ್ ೧೯೪೪

ಸಂಕಪ್ಪ,

ಉಪವಾಸ ಹಿಡಿದುಕೊಂಡು ಇನ್ನೊಂದು ಸುಳ್ಳು ಬರೆಯಲು ಕೂತೆ, ಆಗಲಿಲ್ಲ. ಆದದ್ದನ್ನು ಹೇಳಿಬಿಡುತ್ತೇನೆ.

ಬಸ್ಸು ನನ್ನ ಬಳಿಯೇ ಇದೆ. ಸ್ಫೋಟದಿಂದ ಅದಕ್ಕೆ ಏನೂ ಆಗಲಿಲ್ಲ. ಅದಕ್ಕೆ ಆದದ್ದು ನನ್ನಿಂದ. ಫೆಬ್ರವರಿಯಲ್ಲಿ, ಕೈ ಹಚ್ಚಬೇಡ ಎಂಬ ನಿನ್ನ ಕಾಗದ ಬರುವಷ್ಟರಲ್ಲಿ ನಾನು ಗ್ಯಾಸ್ ಡಬ್ಬಿಯನ್ನು ಕಿತ್ತಾಗಿತ್ತು. ಆ ಎರಡು ಪಟ್ಟಿಯನ್ನೂ ಕಿತ್ತೆ. ‘ಪಾಪ, ಸಂಕಪ್ಪನಿಗೆ ಲೋಹ ಸಿಗಲಿಲ್ಲ, ಮರ ಹಚ್ಚಿ ಕಪ್ಪು ಬಳಿದಿದ್ದಾನೆ’ ಎಂದುಕೊಂಡೆ. ಹಿತ್ತಾಳೆ ಹಾಕಿ ಹಿಂಭಾಗವನ್ನು ಗುಂಡಗೆ ಮುಚ್ಚಿ ಯುದ್ಧಕ್ಕೆ ಮುಂಚಿನ ಬಸ್ಸು ಮಾಡಿದೆ. ಕಿತ್ತದ್ದನ್ನೆಲ್ಲ ಅಂಗಡಿಯ ಕಸದ ಜೊತೆ ಗುಡಿಸಿಬಿಟ್ಟೆ.

ಇನ್ನೊಂದು ಉಂಟು. ಪ್ರದರ್ಶನದ ಚೀಟಿಯಲ್ಲಿ ಮಾಡಿದವರ ಹೆಸರು ಬರೆಯಬೇಕಿತ್ತು. ಒಂದೇ ಹೆಸರಿಗೆ ಜಾಗ. ನನ್ನ ಹೆಸರು ಬರೆದೆ. ಮೊದಲ ಬಹುಮಾನ ಬಂತು, ಬೆಳ್ಳಿಯ ಕಪ್ಪು. ಇಲ್ಲಿ ಇಷ್ಟು ವರ್ಷದಿಂದ ನಾನು ಬೇರೆಯವರ ಮಕ್ಕಳಿಗೆ ಆಟಿಕೆ ಕಟ್ಟಿಕೊಡುವವನು. ಅಂದು ಸಾಹೇಬರು ಕೈ ಕುಲುಕಿದರು. ನಿನಗೆ ಅದನ್ನು ಬರೆಯಬೇಕೆಂದು ಕೂತವನು ‘ವಿವರ ಇನ್ನೊಮ್ಮೆ’ ಎಂದು ಬರೆದೆ.

ಲೋಕಯ್ಯನ ಸೋದರಳಿಯ ಬಂದಿದ್ದ, ಹೌದು. ಬಸ್ಸನ್ನು ಕೊಳ್ಳುತ್ತೇನೆ, ಬೆಲೆ ಎಷ್ಟಾದರೂ ಸರಿ ಎಂದ. ಕೊಡುವುದಿಲ್ಲ ಎಂದೆ. ನಿನಗಾಗಿ ಅಂದೆ ಎಂದು ತಿಳಿಯಬೇಡ. ಅಪಘಾತದ ವಿಷಯ ಆಗ ನನಗೆ ಗೊತ್ತೇ ಇರಲಿಲ್ಲ. ಬಹುಮಾನ ಬಂದದ್ದನ್ನು ಯಾರಾದರೂ ಮಾರುತ್ತಾರೆಯೇ ಎಂಬ ಜಂಬ. ನಿನ್ನ ಕಾಗದ ಬಂದ ಮೇಲೆ ಅವನು ಯಾಕೆ ಬಂದಿದ್ದನೆಂದು ಅರ್ಥವಾಯಿತು.

ಈಗ ಒಂದು ದಾರಿ ತೋರುತ್ತದೆ. ಆ ಪಟ್ಟಿಗಳ ಅಳತೆ ನನಗೆ ನೆನಪಿದೆ. ಹಲಸಿನ ಮರ ಇಲ್ಲಿಯೂ ಸಿಗುತ್ತದೆ. ಡಬ್ಬಿಯನ್ನೂ ಹಾಗೆಯೇ ಮಾಡುತ್ತೇನೆ. ಹಳೆಯದಾಗಿ ಕಾಣುವ ಹಾಗೆ ಹೊಗೆ ಹಿಡಿಸುತ್ತೇನೆ. ನಿನ್ನ ಕಣ್ಣಿಗೆ ಬಿಟ್ಟರೆ ಯಾರಿಗೂ ಗೊತ್ತಾಗದು. ಮಾಡಿ ಕಳಿಸಲೇ? ಹೂಂ ಎಂದರೆ ಹಬ್ಬಕ್ಕೆ ಮುಂಚೆ ನಿನ್ನ ಕೈಯಲ್ಲಿರುತ್ತದೆ.

ನೂರ್

ಉರ್ವ
೭ ಸೆಪ್ಟೆಂಬರ್ ೧೯೪೪

ಶ್ರೀ ನೂರ್ ಮುಹಮ್ಮದ್ ಅವರಿಗೆ,

ನಿಮ್ಮ ಕಾಗದವನ್ನು ಅಪ್ಪಿಗೆ ಓದಿ ಹೇಳಿದೆ. ಓದಬಾರದಿತ್ತು. ‘ಹೂಂ ಅಂತ ಬರಿ ಅಣ್ಣ,’ ಎಂದಳು. ‘ಮರ ಇದ್ದದ್ದು ನಿಜ ಅಲ್ವಾ? ಇದ್ದದ್ದನ್ನೇ ಮತ್ತೆ ಇಡುವುದು. ಅದರಲ್ಲಿ ಸುಳ್ಳು ಎಂತ ಉಂಟು?’

ಹೂಂ ಎಂದು ಬರೆದ ಒಂದು ಕಾರ್ಡು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಕಾರ್ಖಾನೆಗೆ ಹೋಗಿ ಬರುತ್ತಿದ್ದೆ. ಕೊನೆಗೆ ಹರಿದು ಹಾಕಿದೆ. ಕೋರ್ಟಿನಲ್ಲಿ ಪ್ರಮಾಣ ಮಾಡಿ ‘ಇದು ನಾನು ಜನವರಿಯಲ್ಲಿ ಮಾಡಿದ್ದು’ ಎನ್ನಬೇಕಾದವನು ನಾನು. ಒಂದನ್ನು ಕಿತ್ತು ಇನ್ನೊಂದನ್ನು ಹಾಕಿ, ಮೇಲೆ ಕಪ್ಪು ಬಳಿದು, ಮೊದಲಿನಿಂದಲೂ ಹೀಗೆಯೇ ಇತ್ತು ಎಂದು ಹೇಳುವುದು ಲೋಕಯ್ಯ ಧಣಿಗಳು ಮಾಡಿದ ಕೆಲಸ. ನನಗೆ ಅದು ಬೇಡ.

ಅಪ್ಪಿ ನನ್ನೊಡನೆ ಮಾತು ಬಿಟ್ಟಿದ್ದಾಳೆ.

ವಿಚಾರಣೆ ಸೆಪ್ಟೆಂಬರ್ ೨೫ಕ್ಕೆ. ನಿಮಗೆ ತಿಳಿದ ಹಾಗೆ ಮಾಡಿ.

ಸಂಕಪ್ಪ

ಬೊಂಬಾಯಿ
೧ ಅಕ್ಟೋಬರ್ ೧೯೪೪

ಸಂಕಪ್ಪ,

ನಾನು ಬರುತ್ತೇನೆಂದು ನಿನಗೆ ಬರೆಯಲಿಲ್ಲ. ಬರೆದು ಬಾರದೆ ಹೋದರೆ ಎಂಬ ಭಯ ನನಗೇ ಇತ್ತು. ಜೆರೋಮ್ ವಕೀಲರಿಗೆ ಮಾತ್ರ ತಂತಿ ಕೊಟ್ಟೆ. ಕೋರ್ಟಿನ ಜಗಲಿಯಲ್ಲಿ ನನ್ನನ್ನು ಕಂಡಾಗ ನೀನು ಮುಖ ತಿರುಗಿಸಿದ್ದನ್ನು ನಾನು ನೋಡಿದೆ. ಅಲ್ಲೇ ನಿಂತಿದ್ದ ಅಪ್ಪಿಯೂ ನೋಡಿದಳು. ಮಾರನೆಯ ದಿನ ಬೆಳಗ್ಗಿನ ರೈಲಿಗೆ ಹೊರಟುಬಿಟ್ಟೆ.

ನೀನೂ ಸಾಕ್ಷಿಯಾದ್ದರಿಂದ ನಿನ್ನನ್ನು ಹೊರಗೆ ಕೂರಿಸಿದ್ದರು. ಒಳಗೆ ಏನಾಯಿತೆಂದು ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನನ್ನಿಂದ ಕೇಳು.

ಬಸ್ಸನ್ನು ಮೇಜಿನ ಮೇಲೆ ಇಟ್ಟೆ. ಯಾರೂ ನಗಲಿಲ್ಲ. ಮ್ಯಾಜಿಸ್ಟ್ರೇಟರು ಪರದೆಯನ್ನು ಬೆರಳಿನಿಂದ ಒಮ್ಮೆ ಎಳೆದು ನೋಡಿ, ಯಾರಾದರೂ ಕಂಡರೇನೋ ಎಂಬಂತೆ ಕೈ ಹಿಂದಕ್ಕೆ ತೆಗೆದರು. ನಾನು ಎಲ್ಲವನ್ನೂ ಹೇಳಿದೆ. ಕಿತ್ತದ್ದು, ಹಿತ್ತಾಳೆ ಹಾಕಿದ್ದು, ಚೀಟಿಯಲ್ಲಿ ಹೆಸರು ಬರೆದದ್ದು.

ಲೋಕಯ್ಯನ ವಕೀಲರು ಎದ್ದರು. ‘ಸ್ನೇಹಿತನ ಕೆಲಸಕ್ಕೆ ನಿಮ್ಮ ಹೆಸರು ಹಾಕಿ ಬಹುಮಾನ ಹೊಡೆದವರು ನೀವು. ಈಗ ನಿಜ ಹೇಳ್ತೀರಿ ಅಂತ ನಾವು ನಂಬಬೇಕು. ಹೌದೋ ಅಲ್ಲವೋ?’

‘ಅದು ಸುಳ್ಳು, ಇದು ನಿಜ,’ ಎಂದೆ. ‘ಎರಡನ್ನೂ ಹೇಳ್ತಾ ಇರುವುದು ನಾನೇ.’

‘ಆ ಮರದ ಪಟ್ಟಿಗಳು ಇದ್ದವು ಎನ್ನುವುದನ್ನೇ ನೀವು ಸ್ನೇಹಿತನಿಗಾಗಿ ಹುಟ್ಟಿಸಿದ್ದು.’

‘ಸ್ವಾಮಿ, ನಾನು ಅದನ್ನು ಕಿತ್ತದ್ದು ಫೆಬ್ರವರಿಯಲ್ಲಿ. ಕಿತ್ತ ಮೇಲೆ ತೆಗೆದ ಫೋಟೋ ಮಾರ್ಚಿನ ಪ್ರದರ್ಶನದ್ದು, ಕ್ಲಬ್ಬಿನ ಮುದ್ರೆ ಉಂಟು. ಬಸ್ಸು ಬಿದ್ದದ್ದು ಜೂನಿನಲ್ಲಿ. ಜೂನಿನ ಕೇಸಿಗೆ ಫೆಬ್ರವರಿಯಲ್ಲೇ ಸುಳ್ಳು ತಯಾರು ಮಾಡಲು ನಾನು ಜೋಯಿಸನಾ?’

ಆಗ ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಮ್ಯಾಜಿಸ್ಟ್ರೇಟರು ಬಸ್ಸನ್ನು ಮಗುಚಿ ಹಿಡಿದು, ‘ಇಲ್ಲಿ ನನಗೆ ಹಿತ್ತಾಳೆ ಮಾತ್ರ ಕಾಣುತ್ತದೆ’ ಎಂದರು. ನಾನು ಚಾಕು ಕೇಳಿದೆ. ಪೇದೆ ಕೊಡಲು ಹಿಂದೆಮುಂದೆ ನೋಡಿದ. ಕೊನೆಗೆ ಗುಮಾಸ್ತರು ಪೆನ್ಸಿಲು ಕೆತ್ತುವ ಚಾಕು ಕೊಟ್ಟರು. ಹಿತ್ತಾಳೆಯನ್ನು ಎಬ್ಬಿದೆ, ಅದರಡಿ ನಾನು ತೂತು ಮುಚ್ಚಲು ಮೆತ್ತಿದ್ದ ಪುಟ್ಟಿಯನ್ನು ಕೆರೆದೆ. ನಿನ್ನ ಗೂಟದ ತೂತುಗಳು ಬಂದವು. ಒಂದರಲ್ಲಿ ಗೂಟದ ಮುರಿದ ತುದಿ ಇನ್ನೂ ಕೂತಿತ್ತು. ಹಲಸಿನ ಹಳದಿ. ತಗಡಿಗೆ ತಗಡು ಸೇರಿಸುವವನು ಮರದ ಗೂಟ ಹೊಡೆಯುತ್ತಾನೆಯೇ ಎಂದು ಮ್ಯಾಜಿಸ್ಟ್ರೇಟರು ಲೋಕಯ್ಯನ ವಕೀಲರನ್ನೇ ಕೇಳಿದರು. ಅವರು ಕಾಗದ ತಿರುವಿದರು.

ಅಲ್ಲಿ ನಿಂತಾಗ ನನ್ನ ಎದುರಿಗೆ ತುಕ್ರ ಇದ್ದ. ಒಂದು ಕಾಲನ್ನು ನೆಟ್ಟಗೆ ಮುಂದಕ್ಕೆ ಚಾಚಿಕೊಂಡು ನಿಂತಿದ್ದ, ಮಡಿಸಲು ಆಗುವುದಿಲ್ಲವೇನೋ. ಅವನು ನನ್ನನ್ನು ನೋಡುತ್ತಿರಲಿಲ್ಲ, ಬಸ್ಸನ್ನೇ ನೋಡುತ್ತಿದ್ದ. ಒಳಗೆ ಡ್ರೈವರನ ಸೀಟಿನ ಕಡೆಗೆ.

ಬೆಳ್ಳಿ ಕಪ್ಪನ್ನು ಇಲ್ಲಿಗೆ ಬಂದವನೇ ವಾಪಸು ಕೊಟ್ಟೆ. ಕ್ಲಬ್ಬಿನವರು ಮರ್ಯಾದೆಯಿಂದಲೇ ತೆಗೆದುಕೊಂಡರು. ಇನ್ನು ಬರಬೇಡಿ ಎಂದು ಹೇಳುವಾಗಲೂ ಮರ್ಯಾದೆಯಿಂದಲೇ ಹೇಳಿದರು.

ನೂರ್

ಉರ್ವ
೨೨ ಅಕ್ಟೋಬರ್ ೧೯೪೪

ನೂರ್,

ತುಕ್ರ ಮನೆಗೆ ಬಂದ.

ನೀನು ಹೋದ ಮೇಲೆ ಮ್ಯಾಜಿಸ್ಟ್ರೇಟರು ಶೆಡ್ಡಿನ ಬಡಗಿಯನ್ನು ಕರೆಸಿದರು. ಅವನು ಮೊದಲು ಏನೂ ಗೊತ್ತಿಲ್ಲ ಎಂದ. ಮಾಡೆಲಿನ ಅಡಿ ತೋರಿಸಿದಾಗ ಗೂಟದ ತೂತನ್ನು ಬೆರಳಿನಿಂದ ಮುಟ್ಟಿ ನೋಡಿ, ‘ಮರ ನಾನೇ ಕೂರಿಸಿದ್ದು, ಧಣಿಗಳು ಹೇಳಿದ್ರು’ ಎಂದುಬಿಟ್ಟ. ಕುಡಿದು ಓಡಿಸಿದ ಎಂಬ ಆರೋಪ ಬಿದ್ದುಹೋಯಿತು. ಲೋಕಯ್ಯನ ಮೇಲೆ ಈಗ ಬೇರೆ ಕೇಸು. ಪೇಟೆಯಲ್ಲಿ ಅವನು ತಪ್ಪಿಸಿಕೊಳ್ಳುತ್ತಾನೆ ಎನ್ನುವವರೇ ಹೆಚ್ಚು. ಇರಬಹುದು. ಅವನ ಹೊಸ ಬಸ್ಸು ಆಗಲೇ ಓಡುತ್ತಿದೆ.

ತುಕ್ರ ಬಂದ ದಿನ ಅಪ್ಪಿ ಅತ್ತಳು, ನಕ್ಕಳು, ನನ್ನೊಡನೆ ಮಾತನಾಡಿದಳು. ಅವನು ಮಾತ್ರ ಸರಿಯಾಗಿಲ್ಲ. ಮಲ್ಲಿಗೆಯ ಹೆಂಗಸಿನ ಮನೆಗೆ ಹೋಗಿದ್ದ. ಅವಳ ಗಂಡ ಬಾಗಿಲಲ್ಲೇ ನಿಲ್ಲಿಸಿ, ‘ಮರ ಅಂತ ನಿನಗೆ ಗೊತ್ತಿತ್ತು ಅಲ್ವಾ?’ ಎಂದು ಕೇಳಿದನಂತೆ. ಇವನು ಹೌದೆಂದನಂತೆ. ಬಾಗಿಲು ಹಾಕಿದರು. ಇನ್ನು ಮೇಲೆ ಸ್ಟಿಯರಿಂಗು ಮುಟ್ಟುವುದಿಲ್ಲ ಎನ್ನುತ್ತಾನೆ. ಲೈಸೆನ್ಸನ್ನು ಪೊಲೀಸರೇ ಕಿತ್ತುಕೊಂಡಿದ್ದಾರೆ, ಅದು ಬೇರೆ ವಿಷಯ.

ಜಗಲಿಯಲ್ಲಿ ನಾನು ಮುಖ ತಿರುಗಿಸಿದ್ದು ಹೌದು. ಮಾತನಾಡಿದರೆ ನೀನು ಹೇಳಬೇಕಾದ್ದನ್ನು ನಾನು ಹೇಳಿಕೊಟ್ಟೆ ಎನ್ನುತ್ತಾರೆ ಎಂಬುದು ಒಂದು ಕಾರಣ. ಸಿಟ್ಟು ಇನ್ನೊಂದು. ಯಾವುದು ದೊಡ್ಡದು ಎಂದು ತೂಗಿ ನೋಡಲು ಹೋಗಲಿಲ್ಲ. ಅಷ್ಟು ದೂರದಿಂದ ಬಂದವನಿಗೆ ಒಂದು ಲೋಟ ನೀರು ಕೊಡದೆ ಕಳಿಸಿದ್ದಕ್ಕೆ ಅಪ್ಪಿ ದಿನಾ ಬೈಯುತ್ತಾಳೆ.

ಒಂದು ವಿಷಯ ಮಾತ್ರ ನನ್ನನ್ನು ಬಿಡುವುದಿಲ್ಲ. ನಾನು ನಿನ್ನ ಏಪ್ರಿಲಿನ ಕಾಗದ ಎತ್ತಿ ತೋರಿಸದೆ ಇದ್ದಿದ್ದರೆ, ಸ್ಫೋಟದಲ್ಲಿ ಪೆಟ್ಟಾಯಿತು ಎಂಬುದನ್ನು ನಂಬಿಬಿಟ್ಟಿದ್ದರೆ, ನೀನು ನಿಜ ಹೇಳುತ್ತಿದ್ದೆಯಾ? ತುಕ್ರ ಒಳಗಿರುತ್ತಿದ್ದ, ನಿನ್ನ ಬೆಳ್ಳಿ ಕಪ್ಪು ಕಪಾಟಿನಲ್ಲಿರುತ್ತಿತ್ತು. ಹೌದು ಎಂದು ಬರೆದರೆ ನಾನು ನಂಬಲು ಪ್ರಯತ್ನಿಸುತ್ತೇನೆ.

ಸಂಕಪ್ಪ

ಬೊಂಬಾಯಿ
೮ ನವೆಂಬರ್ ೧೯೪೪

ಪ್ರೀತಿಯ ಸಂಕಪ್ಪ,

ನಿನ್ನ ಕಾಗದವನ್ನು ಕಿಸೆಯಲ್ಲಿಟ್ಟುಕೊಂಡು ತಿರುಗಿದೆ. ಹೌದು ಎಂದು ಬರೆಯುವುದು ಎಷ್ಟು ಸುಲಭ! ನೀನೂ ಅದಕ್ಕೇ ಕಾಯುತ್ತಿದ್ದೀಯೆಂದು ಗೊತ್ತು.

ಹೇಳುತ್ತಿದ್ದೆನೋ ಇಲ್ಲವೋ, ನನಗೆ ಗೊತ್ತಿಲ್ಲ. ಉಪವಾಸದ ತಿಂಗಳು ಬಾರದಿದ್ದರೆ? ನೀನು ಅಷ್ಟು ಬಿರುಸಾಗಿ ಬರೆಯದಿದ್ದರೆ? ಒಂದೊಂದು ದಿನ ಒಂದೊಂದು ಉತ್ತರ ಹೊಳೆಯುತ್ತದೆ. ಹೇಳದೆ ಇದ್ದ ದಿನಗಳಲ್ಲಿಯೂ ನಾನು ಚೆನ್ನಾಗಿ ನಿದ್ದೆ ಮಾಡುತ್ತಿದ್ದೆ ಎಂಬುದು ನೆನಪಿದೆ.

ನೀನು ಕೇಳಿದೆ, ನಾನೂ ಒಂದು ಕೇಳುತ್ತೇನೆ. ಬೇಸರ ಮಾಡಬೇಡ. ಕೋರ್ಟಿನಲ್ಲಿ ತುಕ್ರನನ್ನು ಕಂಡ ದಿನದಿಂದ ಇದು ನನ್ನ ತಲೆಯಲ್ಲಿದೆ. ಡ್ರೈವರು ಅಪ್ಪಿಯ ಗಂಡನಾಗಿರದೆ ಬೇರೆ ಯಾರೋ ಆಗಿದ್ದರೆ, ಲೋಕಯ್ಯನೇ ಶೆಡ್ಡಿನ ಬಾಗಿಲು ತೆರೆದು ಅಳತೆ ತೆಗೆಯಲು ಬಿಟ್ಟ ಉಪಕಾರ ನಿನ್ನ ತಲೆಯ ಮೇಲೆ ಇದ್ದಿದ್ದರೆ, ನೀನು ಬಸ್ಸನ್ನು ವಾಪಸು ಕೇಳುತ್ತಿದ್ದೆಯಾ?

ಇದಕ್ಕೆ ಉತ್ತರ ಬರೆಯಬೇಡ. ಬಕ್ರೀದಿಗೆ ಊರಿಗೆ ಬರುತ್ತೇನೆ, ಉಮ್ಮನ ಕಣ್ಣನ್ನೂ ತೋರಿಸಬೇಕು. ಉರ್ವಕ್ಕೆ ಬರುತ್ತೇನೆ. ನೀರು ಕೊಟ್ಟರೆ ಕುಡಿಯುತ್ತೇನೆ. ಕೂತು ಮಾತಾಡುವ. ಗೊತ್ತಿಲ್ಲ ಎಂದು ನೀನೂ ಹೇಳಿದರೆ, ಆ ಮಾತು ನನಗೆ ಸಾಕು.

ನಿನ್ನ
ನೂರ್